ನಮ್ಮ ಕೆರೆಗೆ ಟ್ರೌಟ್ ಬಿಡಬಹುದೇ?

ಪ್ರಶ್ನೆ: ಬೆಟ್ಟದ ಹೊಳೆಗಳಲ್ಲಿ ಗಾಳಕ್ಕೆ ಕೃತಕ ನೊಣ ಕಟ್ಟಿ ಟ್ರೌಟ್ ಮೀನು ಹಿಡಿಯುವುದನ್ನು ಟಿ.ವಿ.ಯಲ್ಲಿ ನೋಡಿದೆ. ಆ ಮೀನನ್ನು ನಮ್ಮೂರ ಕೆರೆಯಾದ ಸಾಕಿ ಚೆರುವಿಗೆ ತಂದು ಬಿಟ್ಟರೆ ಬದುಕೀತೆ?
— ಓದುಗರೊಬ್ಬರು, ಪಟಾನ್‌ಚೆರು

ಉತ್ತರ: ಬದುಕದು. ಟ್ರೌಟಿಗೆ ಒಗ್ಗುವುದು 10ರಿಂದ 16 ಡಿಗ್ರಿ ಸೆಲ್ಸಿಯಸ್‌ನ ನೀರು. 20 ದಾಟಿದರೆ ಸೊರಗುತ್ತದೆ, 25ರ ಆಸುಪಾಸಿನಲ್ಲಿ ಬದುಕುವುದೇ ದುಸ್ತರ. ಮುಖ್ಯ ಕಾರಣ ಉಸಿರು. 10 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುವ ನೀರು, 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆಯಷ್ಟೇ. ಮೀನಿನ ಮೈಗೆ ಬೇಕಾದ ಆಮ್ಲಜನಕವಾದರೋ ಬಿಸಿ ಏರಿದಂತೆ ಹೆಚ್ಚುತ್ತದೆ.

ದಕ್ಷಿಣದಲ್ಲಿ ಟ್ರೌಟ್ ನೆಲೆಯೂರಿದ್ದು ನೀಲಗಿರಿ, ಮುನ್ನಾರ್‌ಗಳಂಥ ಎತ್ತರದ ತಣ್ಣನೆಯ ನೀರಿನಲ್ಲಿ ಮಾತ್ರ. ಅಲ್ಲೂ ಸಲೀಸಾಗಿ ಆಗಲಿಲ್ಲ. 1863ರಲ್ಲಿ ನೀಲಗಿರಿಗೆ ತರಲು ಮೀನುತಜ್ಞ ಫ್ರಾನ್ಸಿಸ್ ಡೇ ಹೆಣಗಿ ಸೋತರು. 20ನೇ ಶತಮಾನದ ಆರಂಭದಲ್ಲಿ ಎಚ್.ಸಿ. ವಿಲ್ಸನ್ ಎಂಬವರು ಅಲ್ಲಿನ ಅವಲಾಂಚಿಯಲ್ಲಿ ಮರಿ ಮಾಡಿಸುವ ಕೇಂದ್ರ ತೆರೆದ ಮೇಲೆ ಕೆಲಸ ಕೈಗೂಡಿತು. ನಿಮ್ಮ ಪಕ್ಕದ ರಂಗಾರೆಡ್ಡಿ ಜಿಲ್ಲೆಯ ಕಂದುಕೂರಿನಲ್ಲಿ ಈಗ ಟ್ರೌಟ್ ಸಾಕುತ್ತಾರೆ, ಆದರೆ ನೀರನ್ನು ಶುದ್ಧೀಕರಿಸಿ ಮತ್ತೆ ಮತ್ತೆ ಬಳಸುವ ತೊಟ್ಟಿಗಳಲ್ಲಿ. ತೆರೆದ ಕೆರೆಯಲ್ಲಿ ಅದು ಸಾಧ್ಯವಿಲ್ಲ.

ಇನ್ನು ಆ ಗಾಳದ ಸೊಗಸು. ಗರಿ, ನೂಲಿನಿಂದ ಕಟ್ಟಿದ ನೊಣಕ್ಕೆ ತೂಕವೇ ಇಲ್ಲವೆನ್ನಬೇಕು. ಅದನ್ನು ದೂರಕ್ಕೆ ಒಯ್ಯುವುದು ದಾರದ ಭಾರ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಪೂರ್ತಿ ಚಾಚುವವರೆಗೆ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಆ ತಡೆಯುವ ಗಳಿಗೆಯಲ್ಲೇ ಇಡೀ ಕಲೆ ಇದೆ.

ಇದನ್ನು ಕಲಿಯಲು ಟ್ರೌಟ್ ಬೇಕಿಲ್ಲ, ಕೆರೆಯೂ ಬೇಕಿಲ್ಲ. ಕೊಕ್ಕೆಯಿಲ್ಲದ ದಾರ ಹಿಡಿದು ಹುಲ್ಲು ಬಯಲಿನಲ್ಲಿ ಅಭ್ಯಾಸ ಮಾಡಿ. ಹೊರಗಿನ ಮೀನನ್ನು ಮಾತ್ರ ದಯವಿಟ್ಟು ಯಾವ ಕೆರೆಗೂ ಬಿಡಬೇಡಿ.