ಕಿಟಕಿ ಮುಚ್ಚದ ಕೇಪಳ

ಮನೆ ಮುಂದೆ ಉಳಿದದ್ದು 4 ಅಡಿ ಅಗಲದ ಜಾಗ. ಮೊದಲು ದಾಸವಾಳ ನೆಟ್ಟಿದ್ದೆ. ಎರಡೇ ಮಳೆಗಾಲಕ್ಕೆ ಕಿಟಕಿ ಮುಚ್ಚಿತು. ಮನಸ್ಸು ಗಟ್ಟಿ ಮಾಡಿ ಅದನ್ನು ತೆಗೆದು ಗಿಡ್ಡ ತಳಿಯ ಕೇಪಳ ತಂದೆ. ಇದು 2-3 ಅಡಿಗೆ ನಿಲ್ಲುತ್ತದೆ. ಎಲೆ ಚಿಕ್ಕದು, ಗೆಣ್ಣು ಒತ್ತೊತ್ತು.

ಗೋಡೆಗೆ ಒತ್ತಿ ನೆಟ್ಟದ್ದು ನನ್ನ ತಪ್ಪು. ಎಳೆ ಎಲೆ ಹಳದಿಗೆ ತಿರುಗಿತು, ನರ ಮಾತ್ರ ಹಸಿರು. ಕೇಪಳಕ್ಕೆ ಹುಳಿ ಮಣ್ಣೇ ಇಷ್ಟ. ಸಿಮೆಂಟಿನ ಸುಣ್ಣ ಮಣ್ಣಿಗಿಳಿದರೆ ಬೇರಿಗೆ ಕಬ್ಬಿಣದ ಅಂಶ ದಕ್ಕುವುದಿಲ್ಲ. ಗಾರೆ ಚೂರುಗಳನ್ನು ಆರಿಸಿ ತೆಗೆದೆ. ಕೆಮ್ಮಣ್ಣು, ಎಲೆಗೊಬ್ಬರ ತುಂಬಿ, ಗೋಡೆಯಿಂದ 2 ಅಡಿ ಈಚೆಗೆ ಮತ್ತೆ ನೆಟ್ಟೆ. ಹೊಸ ಚಿಗುರು ಕಡು ಹಸಿರಾಗಿ ಬಂದ ದಿನ ಎಷ್ಟು ಹಿಗ್ಗಿದೆನೋ!

ದಯವಿಟ್ಟು ಪದೇ ಪದೇ ಕತ್ತರಿಸಬೇಡಿ. ಗೊಂಚಲು ಬಿಡುವುದೇ ರೆಂಬೆಯ ತುದಿಯಲ್ಲಿ. ಹೂ ಬಾಡಿದ ಮೇಲೆ ತುಸು ಸವರಿದರೆ ಸಾಕು.