ಸಾಕುಮಗನೋ, ದತ್ತುಮಗನೋ?

ಊಟದ ಮೇಜಿನ ಮೇಲೆ ಸಾಸ್ ಬಾಟಲಿ, ಮಸಾಲೆ ಡಬ್ಬಿಗಳು. ಪುಟ್ಟ ಬಿಳಿ ಹುಡುಗನೊಬ್ಬ ಅವನ್ನು ಅತ್ತಿತ್ತ ಸರಿಸುತ್ತ, ಎದುರಿಗೆ ಕೂತ ಬಾಗಿಲು ತುಂಬುವಂಥ ಮೈಕಟ್ಟಿನ ಕಪ್ಪು ಯುವಕನಿಗೆ ಅಮೆರಿಕನ್ ಫುಟ್‌ಬಾಲಿನ ಪಾಠ ಹೇಳುತ್ತಿದ್ದಾನೆ. 2009ರ ನವೆಂಬರಿನಲ್ಲಿ ತೆರೆಕಂಡ 'ದಿ ಬ್ಲೈಂಡ್ ಸೈಡ್' ಚಿತ್ರದ ಈ ದೃಶ್ಯ ನಗಿಸಲೆಂದೇ ಇದ್ದದ್ದು. ಕಥೆಯ ನಿಜವಾದ ನಾಯಕ ಮೈಕೆಲ್ ಓಹರ್‌ಗೆ ಮಾತ್ರ ನಗು ಬರಲಿಲ್ಲ. ಚಿಕ್ಕಂದಿನಿಂದ ಆಟವನ್ನು ಅರೆದು ಕುಡಿದವನನ್ನು ತೆರೆಯ ಮೇಲೆ ದಡ್ಡನನ್ನಾಗಿ ಮಾಡಿದರಲ್ಲ ಎಂದು 2011ರ ಆತ್ಮಕಥೆಯಲ್ಲಿ ಬೇಸರ ತೋಡಿಕೊಂಡರು.

ಚಿತ್ರದ ಬೇರು ಇರುವುದು ಒಂದು ಮುರಿದ ಕಾಲಿನಲ್ಲಿ. 1985ರ ನವೆಂಬರ್ 18ರಂದು ಎದುರಾಳಿ ಆಟಗಾರ ಲಾರೆನ್ಸ್ ಟೇಲರ್ ಮೇಲೆರಗಿದ ರಭಸಕ್ಕೆ ವಾಷಿಂಗ್ಟನ್ ತಂಡದ ಕ್ವಾರ್ಟರ್‌ಬ್ಯಾಕ್ ಜೋ ಥೀಸ್‌ಮನ್ ಕಾಲು ಟಿವಿ ನೋಡುತ್ತಿದ್ದವರ ಕಣ್ಣೆದುರೇ ಮುರಿಯಿತು. ಬಲಗೈಯಲ್ಲಿ ಚೆಂಡೆಸೆಯುವವನಿಗೆ ಎಡಬದಿಯಿಂದ ಬರುವ ಆಪತ್ತು ಕಾಣುವುದಿಲ್ಲ. ಅಲ್ಲಿ ಅಡ್ಡ ನಿಲ್ಲುವ 'ಲೆಫ್ಟ್ ಟ್ಯಾಕಲ್'ಗೆ ಮುಂದೆ ಕೋಟಿಗಟ್ಟಲೆ ಬೆಲೆ ಬಂತು. ಈ ಬದಲಾವಣೆಯ ಬಗ್ಗೆ ಬರೆಯಹೊರಟ ಲೇಖಕ ಮೈಕೆಲ್ ಲೂಯಿಸ್‌ಗೆ, ಶಾಲೆಯ ಹಳೆಯ ಸಹಪಾಠಿ ಶಾನ್ ಟೂಯಿಯ ಮನೆಯಲ್ಲೇ ಪಾತ್ರ ಸಿಕ್ಕಿತು: ಮೆಂಫಿಸ್ಸಿನ ಬಡತನದಲ್ಲಿ ಮನೆಯಿಂದ ಮನೆಗೆ ಅಲೆದು, ಈ ಶ್ರೀಮಂತ ಬಿಳಿಯರ ಮನೆ ಸೇರಿದ್ದ ಓಹರ್.

2006ರ ಆ ಪುಸ್ತಕದಲ್ಲಿ ಆಟದ ಇತಿಹಾಸಕ್ಕೂ ದೊಡ್ಡ ಪಾಲಿತ್ತು. ನಿರ್ದೇಶಕ ಜಾನ್ ಲೀ ಹ್ಯಾನ್‌ಕಾಕ್ ಅದನ್ನು ಆರಂಭದ ಕೆಲವು ನಿಮಿಷಕ್ಕೆ ಮುಗಿಸಿ, ಕ್ಯಾಮೆರಾವನ್ನು ಮನೆಯೊಡತಿ ಲೀ ಆನ್ ಕಡೆ ತಿರುಗಿಸಿದರು. ಸುಮಾರು 2.9 ಕೋಟಿ ಡಾಲರ್ ಖರ್ಚಿನ ಚಿತ್ರ 30 ಕೋಟಿ ದಾಟಿತು. ಲೀ ಆನ್ ಪಾತ್ರ ಮಾಡಿದ ಸ್ಯಾಂಡ್ರಾ ಬುಲಕ್‌ಗೆ ಆಸ್ಕರ್ ಬಂತು. ತನಗೆಂದು ಹಾಸಿಗೆಯೇ ಇರಲಿಲ್ಲವೆಂದು ಹುಡುಗ ಹೇಳುವಾಗ ನನ್ನ ಕಣ್ಣೂ ತುಂಬಿತ್ತು, ಸುಳ್ಳೇಕೆ ಹೇಳಲಿ.

ಚಿತ್ರವನ್ನು ಒಪ್ಪದವರ ತಕರಾರು ಟೂಯಿಗಳ ಒಳ್ಳೆಯತನದ ಮೇಲಿರಲಿಲ್ಲ. ಓಹರ್ ಬಾಯಿಬಿಡುವುದೇ ಅಪರೂಪ, ಸಿಟ್ಟಂತೂ ಇಲ್ಲವೇ ಇಲ್ಲ, ಬಿಳಿಯರು ತಮ್ಮ ಉದಾರತೆ ನೋಡಿಕೊಳ್ಳುವ ಕನ್ನಡಿಯಷ್ಟೇ ಅವನು ಎಂದು ಅವರು ದೂರಿದರು. ಮೆಚ್ಚಿದವರಿಗೆ ಇದು ಕೊಂಕು. ಊಟ ಹಾಕಿದ್ದು, ಓದಿಸಿದ್ದು ನಿಜ ತಾನೇ? ನಿಜವೇ. ಆದರೆ ಉಂಡವನ ಕಡೆಯಿಂದ ಈ ಕಥೆ ಹೇಗೆ ಕಾಣುತ್ತದೆ ಎಂದು ಚಿತ್ರ ಕೇಳಲೇ ಇಲ್ಲ.

2023ರ ಆಗಸ್ಟಿನಲ್ಲಿ ಉಂಡವನೇ ಕೋರ್ಟಿನಲ್ಲಿ ಹೇಳಿದ. ನಮ್ಮಲ್ಲಿ ಸಾಕುಮಗ ಬೇರೆ, ದತ್ತುಮಗ ಬೇರೆ. ಮೊದಲನೆಯದಕ್ಕೆ ಅನ್ನ ಸಾಕು, ಎರಡನೆಯದಕ್ಕೆ ಕಾಗದ ಬೇಕು. ತಾನು ದತ್ತುಮಗನೆಂದೇ ನಂಬಿದ್ದ ಓಹರ್, 18 ತುಂಬಿದ ಮೇಲೆ 2004ರಲ್ಲಿ ತನ್ನಿಂದ ಸಹಿ ಹಾಕಿಸಿಕೊಂಡದ್ದು 'ಕನ್ಸರ್ವೇಟರ್‌ಶಿಪ್'ಗೆ, ಅಂದರೆ ತನ್ನ ಪರವಾಗಿ ವ್ಯವಹರಿಸುವ ಅಧಿಕಾರಕ್ಕೆ ಎಂದರು. ಸಿನಿಮಾದ ಹಣ ತನಗೆ ದಕ್ಕಲಿಲ್ಲವೆಂದೂ ದೂರಿದರು. ಟೂಯಿಗಳು ಅಲ್ಲಗಳೆದರು: ಬಂದದ್ದನ್ನು ಸಮನಾಗಿ ಹಂಚಿಕೊಂಡಿದ್ದೇವೆ, ಆ ಕಾಗದ ಕಾಲೇಜು ಕ್ರೀಡೆಯ ನಿಯಮಗಳಿಗಾಗಿ ಬೇಕಾಗಿತ್ತು.

ಹಳೆಯ ಜಗಳ ಮತ್ತೆ ಹೊತ್ತಿಕೊಂಡಿತು. ಬುಲಕ್ ಆಸ್ಕರ್ ವಾಪಸ್ ಕೊಡಲಿ ಎಂಬ ಕೂಗೂ ಎದ್ದಿತು (ನಟಿಸಿದವಳು ಏನು ಮಾಡಿಯಾಳು?). ಓಹರ್ ಪಾತ್ರ ಮಾಡಿದ್ದ ಕ್ವಿಂಟನ್ ಏರನ್ ಆಕೆಯ ಪರ ನಿಂತರು.

ಸೆಪ್ಟೆಂಬರ್ ಕೊನೆಗೆ ಮೆಂಫಿಸ್ಸಿನ ನ್ಯಾಯಾಧೀಶೆ ಆ ಕನ್ಸರ್ವೇಟರ್‌ಶಿಪ್ಪನ್ನು ರದ್ದುಗೊಳಿಸಿದರು. ಹಣದ ವ್ಯಾಜ್ಯ ಹಾಗೇ ಮುಂದುವರಿಯಿತು. ಯಾವ ಅಂಗವೈಕಲ್ಯವೂ ಇಲ್ಲದವನಿಗೆ ಇಂಥ ಏರ್ಪಾಡು ಮಾಡಿದ್ದನ್ನು ತಮ್ಮ 43 ವರ್ಷಗಳ ಅನುಭವದಲ್ಲೇ ಕಂಡಿಲ್ಲ ಎಂದರು ಆ ನ್ಯಾಯಾಧೀಶೆ. ಎಂಟು ಋತು ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಆಡಿ, ಅದರ ಅಂತಿಮ ಪಂದ್ಯ ಸೂಪರ್ ಬೌಲ್ ಗೆದ್ದು, ನಿವೃತ್ತನೂ ಆಗಿದ್ದ ಓಹರ್‌ಗೆ ಆಗ 37 ವರ್ಷ.