ನಿಮಗಿದು ಗೊತ್ತೆ? ಕಡಲು ದಾಟಿದ ಕಾಲಿಲ್ಲದ ಜೀವಿ

ನೋಡಿದರೆ ಅರಿಸಿನ ಮೆತ್ತಿದ ದೊಡ್ಡ ಎರೆಹುಳು. ಆದರೆ ಇದು ಕಪ್ಪೆಯ ದೂರದ ನೆಂಟ! ಹೆಸರು ಸ್ಕಿಸ್ಟೊಮೆಟೋಪಮ್ ಥೊಮೆನ್ಸೆ. ಸಿಸಿಲಿಯನ್ ಎಂಬ ಕಾಲಿಲ್ಲದ ಉಭಯವಾಸಿಗಳ ಗುಂಪಿನದು.

ಇದರ ನೆಲೆ ಆಫ್ರಿಕಾದ ಪಶ್ಚಿಮ ಕರಾವಳಿಯಾಚೆಯ ಸಾವೊ ಟೊಮೆ ದ್ವೀಪ, ಪಕ್ಕದ ಪುಟ್ಟ ರೋಲಸ್ ದ್ವೀಪ. ಅಷ್ಟೇ. ಅದೇ ಕುಲದ ಇನ್ನೊಂದು ಪ್ರಭೇದ ಇರುವುದೆಲ್ಲಿ? ಖಂಡದ ಆಚೆ ಬದಿಯ ಕೀನ್ಯಾ, ತಾಂಜಾನಿಯಾಗಳಲ್ಲಿ!

ಸಾವೊ ಟೊಮೆ ಜ್ವಾಲಾಮುಖಿಯಿಂದ ಎದ್ದ ದ್ವೀಪ. ಮುಖ್ಯಭೂಮಿಗೆ ಎಂದೂ ಅಂಟಿಕೊಂಡಿರಲಿಲ್ಲ. ನಡುವೆ ಸುಮಾರು 250 ಕಿ.ಮೀ. ಕಡಲು. ಉಪ್ಪುನೀರೋ ಉಭಯವಾಸಿಗಳಿಗೆ ಆಗದು. ತೇಲುವ ಮರ, ಬೇರು, ಮಣ್ಣಿನ ತೆಪ್ಪವೇರಿ ಬಂದಿರಬೇಕು ಎನ್ನುತ್ತಾರೆ ವಿಜ್ಞಾನಿಗಳು.

ಸಾವೊ ಟೊಮೆಯ ದಕ್ಷಿಣ ಭಾಗದಲ್ಲಿರುವ ಈ ಜೀವಿಗಳಲ್ಲಿ ಕೆಲವಕ್ಕೆ ಮೈಮೇಲೆ ಕಂದು ಚುಕ್ಕೆ. 1965ರಲ್ಲಿ ವಿಜ್ಞಾನಿ ಎಡ್ವರ್ಡ್ ಟೇಲರ್ ಅವನ್ನು ಬೇರೆ ಪ್ರಭೇದವೆಂದೇ ಹೆಸರಿಸಿದರು. ಅಂದಹಾಗೆ, ಸ್ಕಿಸ್ಟೊಮೆಟೋಪಮ್ ಥೊಮೆನ್ಸೆ ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ.